ಒಂಬೈನೂರು ಸೆಕೆಂಡಿನ ನಿದ್ದೆ

ಎರಡು ಎಂಟು. ಎರಡು ಇಪ್ಪತ್ತಮೂರು. ಎರಡು ಮೂವತ್ತೆಂಟು. ಎರಡು ಐವತ್ತಮೂರು.

ತಂಗಿ ತೆರೆಯ ಮೇಲೆ ಬೆರಳಿಟ್ಟು, ಮಗ್ಗಿ ಕಲಿಯುವ ಮಗುವಿನ ಹಾಗೆ, ಯಂತ್ರ ಬರೆದಿಟ್ಟ ಲಾಗಿನ ಒಂದೊಂದೇ ಸಾಲು ಇಳಿಯುತ್ತಿದ್ದಳು. ಹದಿನೈದು, ಮತ್ತೆ ಹದಿನೈದು, ಮತ್ತೆ ಹದಿನೈದು.

“ಮಷೀನು ಹಳೇದಲ್ವಾ ಅಕ್ಕಾ, ತೆವಳುತ್ತೆ,” ಎಂದ ತಾತ, ಟೀ ಲೋಟವನ್ನು ಅವಳ ಪಕ್ಕಕ್ಕಿಟ್ಟು.

ಅವಳು ಲೋಟ ಹಿಡಿದಳು. ಅದು ಸುಡುತ್ತಿತ್ತೆಂದು ಗೊತ್ತಾದದ್ದು ಬೆರಳ ತುದಿ ಕೆಂಪಾದದ್ದನ್ನು ಕಣ್ಣಿಂದ ನೋಡಿದ ಮೇಲೆ. ಒಂಬತ್ತು ದಿನದಿಂದ ಹೀಗೇ. ಈ ಶೀತಲ ಗೋದಾಮಿನ ಮೂರನೇ ಕೋಣೆಯಲ್ಲಿ ಅಣ್ಣ ಸತ್ತ ಗುರುವಾರದಿಂದ ಯಾವುದೂ ಅವಳ ಚರ್ಮ ದಾಟಿ ಒಳಗೆ ಇಳಿದಿರಲಿಲ್ಲ.

ತಾತನ ವಯಸ್ಸು ಮೂವತ್ತೆಂಟು. ಇಪ್ಪತ್ತೈದಕ್ಕೇ ತಲೆ ಹತ್ತಿಯಾಗಿದ್ದರಿಂದ ಆ ಹೆಸರು. ಇಟ್ಟವನು ಅಣ್ಣನೇ. ತಾತ ಕಂಟ್ರೋಲ್ ರೂಮಿನ ಆಪರೇಟರ್. ಈಗ ಅಮಾನತಾದವನು, ಇಂದು ವಿಚಾರಣೆಗೆಂದು ಬಂದವನು. ಸೈರನ್ ಕೂಗದಿದ್ದರೆ ಆಪರೇಟರ್ ತಾನೇ ಗಂಟೆ ಬಾರಿಸಬೇಕಿತ್ತು, ಅವನು ನಿದ್ದೆ ಮಾಡುತ್ತಿದ್ದ ಎಂದು ಆಡಳಿತ ಬರೆದಿತ್ತು. ನಾಲ್ಕು ಗಂಟೆಗೆ ತನಿಖಾಧಿಕಾರಿ ಅದಕ್ಕೆ ಸಹಿ ಹಾಕಿದರೆ ತಾತ ಪೊಲೀಸರ ಕೈಗೆ ಹೋಗುತ್ತಿದ್ದ. ಅವನ ಮುಂದಿನ ತೆರೆಗೂ ಸುದ್ದಿ ಬರುತ್ತಿದ್ದದ್ದು ಇದೇ ಯಂತ್ರದಿಂದ, ಅದೇ ಬಾಯಿ ಮುಚ್ಚಿದ್ದರೆ ಅವನೇನು ನೋಡುತ್ತಾನೆ ಎಂದು ಕೇಳಿದವರು ಯಾರೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿಕೊಡುವುದು ತಂಗಿಯ ಕಸುಬು. ಅದನ್ನೇ ಹೇಳಿ ಅಧಿಕಾರಿಯ ಹತ್ತಿರ ಒಂದು ಮಧ್ಯಾಹ್ನ ಬೇಡಿ ತಂದಿದ್ದಳು. ನೋಡು, ಮುಟ್ಟಬೇಡ ಎಂದಿದ್ದರು ಆ ಹೆಂಗಸು. ಗೋದಾಮು ಮುಚ್ಚಿತ್ತು. ಯಂತ್ರ ಮಾತ್ರ ಅಂದು ಇದ್ದ ಹಾಗೇ ನಡೆಯುತ್ತಿತ್ತು.

ಆಗ ಗಂಟೆ ಮೂರು ದಾಟಿತ್ತು.

“ತಾತಾ, ಎರಡನೇ ಟರ್ಮಿನಲ್ ಅಂದ್ರೆ ಯಾವುದು?”

ಅವನು ತನ್ನ ಲೋಟ ಎತ್ತಿಕೊಂಡ. ಅದು ಕೆಟ್ಟು ವರ್ಷವಾಯಿತು, ಯಾವುದೋ ಮೂಲೆಯಲ್ಲಿ ಬಿದ್ದಿರಬೇಕು ಎಂದು ಗೊಣಗಿ ಹೊರಗೆ ಹೋದ.

ಅವನ ಚಪ್ಪಲಿಯ ಸದ್ದು ಓಣಿ ದಾಟಿ ಕಂಟ್ರೋಲ್ ರೂಮಿನ ಕಡೆ ಹೋಯಿತು. ಅವಳು ಮತ್ತೆ ಸ್ಕ್ರಿಪ್ಟ್ ತೆರೆದಳು, ಯಂತ್ರಕ್ಕೆ ಅಣ್ಣ ಬರೆದಿಟ್ಟ ಆಜ್ಞೆಗಳ ಫೈಲು.

ಹನ್ನೆರಡು ವರ್ಷದ ಸ್ಕ್ರಿಪ್ಟ್. ಅಣ್ಣ ಅದಕ್ಕೆ ಕಾವಲು ಎಂದು ಹೆಸರಿಟ್ಟಿದ್ದ. ನಿಮಿಷಕ್ಕೊಮ್ಮೆ ಎದ್ದು ಮೂರು ಕೋಣೆಗಳ ಗಾಳಿ ನೋಡಿ ಬರುವುದು ಅದರ ಕೆಲಸ. ಕೋಣೆ ತಣ್ಣಗಿಡುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದರೆ ಗೊತ್ತಾಗುವುದು ಇದಕ್ಕೊಂದಕ್ಕೇ.

ಗಾಳಿಯನ್ನು ಓದಿ ಬರಲು ಮೂರು ಕೋಣೆಗೆ ಮೂರು ಸಾಲು. ಮೂರರ ಕೊನೆಗೂ ಗಂಟು ಹಾಕಿದ ದಾರದಂಥ ‘&’ ಚಿಹ್ನೆ, ಅಂದರೆ ನೀನು ಹಿನ್ನೆಲೆಯಲ್ಲಿ ಹೋಗಿ ನಿನ್ನ ಕೆಲಸ ಮಾಡು, ನಾನು ನಿಲ್ಲುವುದಿಲ್ಲ ಎಂದು. ಮೂವರೂ ಒಟ್ಟಿಗೇ ಓಡುತ್ತಾರೆ. ಅವುಗಳ ಕೆಳಗೆ ‘ವೇಟ್’ ಎಂಬ ಒಂದೇ ಪದ. ಎಲ್ಲರೂ ಬಂದ ಮೇಲೆ ಲೆಕ್ಕ ನೋಡಿ, ಬೇಕಾದರೆ ಸೈರನ್.

ಈ ಗೋದಾಮಿನಲ್ಲೊಂದು ಕಟ್ಟಳೆ ಇತ್ತು. ಯಾರೂ ಇನ್ನೊಬ್ಬರ ಸಾಲನ್ನು ಅಳಿಸಬಾರದು. ಬೇಕಾದರೆ ತಮ್ಮದೊಂದು ಸೇರಿಸಿ, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ, ತಾರೀಕು ಹಾಕಬೇಕು. ಕಟ್ಟಳೆ ಮಾಡಿದವರು ಮೇಷ್ಟ್ರು. ಅಣ್ಣನಿಗೆ ಕೆಲಸ ಕೊಟ್ಟವರು, ಕಲಿಸಿದವರು, ಈಗಲೂ ಮೇಲ್ವಿಚಾರಕರು. ಹಾಗಾಗಿ ಸ್ಕ್ರಿಪ್ಟ್ ಹಳೇ ಮನೆಯ ಗೋಡೆಯ ಹಾಗೆ ಬೆಳೆದಿತ್ತು, ಸುಣ್ಣದ ಮೇಲೆ ಸುಣ್ಣ.

ಇಡೀ ಫೈಲಿನಲ್ಲಿ ಅಕ್ಷರವೂ ತಾರೀಕೂ ಇಲ್ಲದ ಸಾಲು ಒಂದೇ ಒಂದು. ಮೂರು ಓದುಗಳ ಕೆಳಗೆ, ‘ವೇಟ್’ನ ಮೇಲೆ.

‘ಸ್ಲೀಪ್ ೯೦೦.’ ಒಂಬೈನೂರು ಸೆಕೆಂಡು ಮಲಗು, ಆಮೇಲೆ ಎದ್ದು, ಓದುವುದಕ್ಕೆ ಹೋದವರಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ಕೊಲ್ಲು. ಕೊನೆಗೆ ಅದೇ ಗಂಟು.

ಒಳ್ಳೆಯ ಉದ್ದೇಶದ ಸಾಲು. ಆದರೆ ‘ವೇಟ್’ ಎನ್ನುವುದು ತಾಯಿಯಂಥ ಆಜ್ಞೆ. ಯಾರಿಗಾಗಿ ಕಾಯಬೇಕೆಂದು ಹೆಸರು ಹಿಡಿದು ಹೇಳದಿದ್ದರೆ, ತಾನು ಹೊರಗೆ ಕಳಿಸಿದ ಪ್ರತಿಯೊಂದು ಮಗುವೂ ಬರುವ ತನಕ ಅದು ಯಾರಿಗೂ ಬಡಿಸುವುದಿಲ್ಲ. ಮೂರು ಮಕ್ಕಳು ನಾಲ್ಕು ಸೆಕೆಂಡಿನಲ್ಲಿ ಸುದ್ದಿ ಹೊತ್ತು ಬಂದು ನಿಲ್ಲುತ್ತಿದ್ದವು. ನಾಲ್ಕನೆಯದು ಹಿತ್ತಿಲಲ್ಲಿ ಮಲಗಿತ್ತು.

ಗುರುವಾರ ಎರಡು ಮೂವತ್ತೆಂಟಕ್ಕೆ ಮೂರನೇ ಕೋಣೆಯ ಗಾಳಿ ಕೆಟ್ಟಿದೆ ಎಂಬ ಓದು ಫೈಲಿನಲ್ಲಿ ಬಿದ್ದಿತ್ತು. ಬಾಗಿಲ ದಾಖಲೆಯ ಪ್ರಕಾರ ಅಣ್ಣ ಒಳಗೆ ಹೋದದ್ದು ಎರಡು ನಲವತ್ತೊಂದಕ್ಕೆ. ಸೈರನ್ ಕೂಗಿದ್ದು ಎರಡು ಐವತ್ತಮೂರಕ್ಕೆ.

ಯಂತ್ರಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹದಿನೈದು ನಿಮಿಷ ಕಾಯುತ್ತಾ ಕೂತಿತ್ತು.

ಅವಳು ಸ್ಕ್ರಿಪ್ಟಿನ ನಕಲನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಓಡಿಸಿದ್ದಳು. ಹದಿನೈದು ನಿಮಿಷ. ಆಮೇಲೆ ಒಂದೇ ಒಂದು ಸಾಲು ಸೇರಿಸಿದಳು: ಮೂರೂ ಓದುಗಳು ಬಂದ ಕೂಡಲೇ ಆ ಮಲಗಿದವನನ್ನು ಎಬ್ಬಿಸಿ ಕಳಿಸು. ನಾಲ್ಕು ಸೆಕೆಂಡು. ಸಂತೋಷವಾಗಬೇಕಿತ್ತು. ನಾಲ್ಕು ಎಂಬ ಅಂಕಿಯನ್ನು ನೋಡುತ್ತಾ ಕೂತಳು, ಅಷ್ಟೇ.

ಆದರೆ ನಕಲು ಸಾಕ್ಷಿಯಾಗುವುದಿಲ್ಲ. ಸತ್ತವನ ತಂಗಿಯ ಲ್ಯಾಪ್‌ಟಾಪಿನಲ್ಲಿರುವ ಸಾಲನ್ನು ತಂಗಿಯೇ ಬರೆದಳು ಎನ್ನಲು ಎಷ್ಟು ಹೊತ್ತು.

ಇನ್ನೆರಡು ಮುಳ್ಳು ಉಳಿದಿದ್ದವು. ಸಾವಿಗೆ ಎರಡು ದಿನ ಮೊದಲು, ಮಂಗಳವಾರ ಬೆಳಿಗ್ಗೆ, ಮೂರನೇ ಕೋಣೆಯ ಓದು ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿತ್ತು. ಆಗ ಹನ್ನೊಂದು ಹದಿನೇಳಕ್ಕೆ ಎರಡನೇ ಟರ್ಮಿನಲ್‌ನಿಂದ ಯಾರೋ ಒಳಗೆ ಬಂದಿದ್ದರು, ಹನ್ನೊಂದು ಇಪ್ಪತ್ತನಾಲ್ಕಕ್ಕೆ ಹೋಗಿದ್ದರು. ಆ ವಾರ ಫೈಲು ಮುಟ್ಟಬಲ್ಲವರು ಬಂದದ್ದು ಅದೊಂದೇ ಸಲ. ಖಾತೆ ಅಣ್ಣನದು.

ಹನ್ನೊಂದು ಹದಿನೇಳಕ್ಕೆ ಅಣ್ಣ ಅವಳ ಪಕ್ಕದಲ್ಲಿ, ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಇದ್ದ. ಅಮ್ಮನ ಕಣ್ಣಿಗೆ ಹನಿ ಹಾಕುವ ಹೊತ್ತುಗಳ ಚೀಟಿ ಇನ್ನೂ ಅವಳ ಬ್ಯಾಗಿನಲ್ಲಿತ್ತು: ಹನ್ನೊಂದು ಐದು, ಹನ್ನೊಂದು ಇಪ್ಪತ್ತು, ಹನ್ನೊಂದು ಮೂವತ್ತೈದು. ಕಣ್ಣು ಬಿಡಬೇಡಿ ಎಂದು ಅಮ್ಮನಿಗೆ ಹೇಳಿದ್ದರು. ಒಬ್ಬಳಿಗೇ ಬೇಜಾರಾಗುತ್ತದೆಂದು ಅಣ್ಣನೂ ಕಣ್ಣು ಮುಚ್ಚಿ ಕೂತ. ನಡುವೆ ಒಮ್ಮೆ ನೀರು ತರುತ್ತೇನೆಂದು ಎದ್ದು ಹೋಗಿ, ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದ. ಅಮ್ಮ ಕಣ್ಣು ಮುಚ್ಚಿಕೊಂಡೇ, “ಬಾವಿ ತೋಡಿಸ್ತಿದ್ದೆಯೇನೋ?” ಎಂದಿದ್ದಳು. ಮೂವರೂ ನಕ್ಕಿದ್ದರು.

ಆ ನಗು ನೆನಪಿತ್ತು. ಅದರ ಸದ್ದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ಎರಡನೇ ಮುಳ್ಳು ಇನ್ನೂ ಚಿಕ್ಕದು, ಇನ್ನೂ ಚೂಪು. ಸಾಲು ಬಿದ್ದದ್ದು ಬೆಳಿಗ್ಗೆಯಾದರೆ ಹದಿನೈದರ ಮಗ್ಗಿ ಬೆಳಿಗ್ಗೆಯೇ ಶುರುವಾಗಬೇಕಿತ್ತು. ಮಂಗಳವಾರ ಇಡೀ ಹಗಲು ಯಂತ್ರ ನಿಮಿಷಕ್ಕೊಮ್ಮೆ ಚೆನ್ನಾಗಿಯೇ ಓಡಿತ್ತು. ತಡ ಶುರುವಾದದ್ದು ಸಂಜೆ ಆರು ಹತ್ತರಿಂದ.

ನಡುವಿನ ಏಳು ಗಂಟೆ ಎಲ್ಲಿ ಹೋಯಿತು?

ಓಣಿಯಲ್ಲಿ ಬೀಗದ ಕೈಗೊಂಚಲು ಝಣಗುಟ್ಟಿತು. ಮೇಷ್ಟ್ರು ಬರುವುದಕ್ಕೆ ಮೊದಲು ಅವರ ಸೊಂಟ ಬರುತ್ತದೆ ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ಮುಖ್ಯ ಯಂತ್ರ ಅವಳು ಕೂತಿದ್ದ ಈ ಕೋಣೆಯ ಕಬ್ಬಿಣದ ಬೀರುವಿನಲ್ಲಿತ್ತು. ಅದರ ಕೀಲಿಮಣೆಯ ಮುಂದೆ ಕೂತವನಿಗೆ ಖಾತೆಯೂ ಬೇಡ, ಬಂದುಹೋದದ್ದಕ್ಕೆ ದಾಖಲೆಯೂ ಇಲ್ಲ. ಆ ಬೀರುವಿಗೆ ಇದ್ದದ್ದು ಒಂದೇ ಕೀಲಿ, ಆ ಗೊಂಚಲಿನಲ್ಲಿ.

“ಏನಮ್ಮಾ, ಸಿಕ್ಕಿದನಾ ಕಳ್ಳ?” ಎಂದು ಅವರು ಕುರ್ಚಿ ಎಳೆದು ಕೂತರು. ಕೈಗಡಿಯಾರ ನೋಡಿಕೊಂಡರು.

“ಸಾಲು ಸಿಕ್ಕಿದೆ ಮೇಷ್ಟ್ರೇ. ಕೈ ಸಿಕ್ಕಿಲ್ಲ.”

ಅವಳು ತೆರೆಯನ್ನು ಅವರ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು. ಈ ಫೈಲು ತೆರೆದೇ ತನಗೆ ಎರಡು ವರ್ಷವಾಯಿತು, ಎಲ್ಲ ನಿನ್ನಣ್ಣನೇ ನೋಡುತ್ತಿದ್ದ ಎಂದರು. ಇದೊಂದು ಸಾಲಿನಿಂದ ಏನಾಗುತ್ತದೆ, ಯಂತ್ರ ಮುದಿಯಾಗಿದೆ, ಕೇಬಲ್ಲು ಕೊಳೆತಿದೆ, ನಿಧಾನವಾಗಿದೆ ಎಂದರು.

“ಮುದುಕರು ನಿಧಾನ ನಡೀತಾರೆ ಮೇಷ್ಟ್ರೇ. ಆದ್ರೆ ದಿನಾ ಅದೇ ನಿಮಿಷಕ್ಕೆ ಮನೆ ಮುಟ್ಟಲ್ಲ. ಇದು ನಿಧಾನ ಅಲ್ಲ. ಯಾರೋ ಬರೆದಿಟ್ಟ ತಡ.”

ಅವರು ಗೊಂಚಲಿನ ಒಂದೊಂದೇ ಕೀಲಿಯನ್ನು ಬೆರಳಲ್ಲಿ ಸರಿಸಿದರು.

“ಯಾರ ಖಾತೆ?”

“ಅಣ್ಣಂದು.”

“ಹಾಗಾದ್ರೆ ಬರೆದವನೂ ಅವನೇ.”

“ಆಗ ಅವನು ನನ್ನ ಪಕ್ಕ ಕೂತಿದ್ದ.”

“ತಂಗಿ ಮಾತು ಯಾವ ಸೀಮೆ ಸಾಕ್ಷಿ, ಮಗಳೇ?” ಅವರ ದನಿಯಲ್ಲಿ ಕೋಪವಿರಲಿಲ್ಲ, ಪಾಠ ಹೇಳುವ ತಾಳ್ಮೆ ಇತ್ತು. “ಈ ಸಾಲನ್ನ ನಾಲ್ಕು ಗಂಟೆಗೆ ಮೇಜಿನ ಮೇಲಿಟ್ಟೆ ಅಂತಿಟ್ಕೋ. ಮೊದಲು ಕೇಳೋದು ಯಾರ ಖಾತೆ ಅಂತ. ತನ್ನ ಸಾಲಿಗೆ ತಾನೇ ಸಿಕ್ಕಿ ಸತ್ತ ಅಂತ ಬರೀತಾರೆ. ನಿಮ್ಮಮ್ಮನಿಗೆ ಅದನ್ನ ಓದಿ ಹೇಳೋರು ಯಾರು, ನೀನಾ?”

ಅಮ್ಮನ ಕಣ್ಣಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಓದಿ ಹೇಳುವವಳು ಅವಳೇ.

“ಹೋದವನ ಹೆಸರು ಉಳಿಸ್ಕೋ. ಇರೋನಿಗೆ ಇನ್ನೊಂದು ಕೆಲಸ ಸಿಗುತ್ತೆ.”

“ತಾತನಿಗೆ ಸಿಗೋದು ಕೆಲಸ ಅಲ್ಲ ಮೇಷ್ಟ್ರೇ, ಜೈಲು.”

“ನಾನಿಲ್ವಾ. ನೋಡ್ಕೋತೀನಿ.”

ಆ ಏಳು ಗಂಟೆಯ ವಿಷಯ ಅವಳು ಕೇಳಿದಳು. ಬೆಳಿಗ್ಗೆ ಬಿದ್ದ ಸಾಲು ಸಂಜೆ ಆರು ಹತ್ತರ ತನಕ ಯಾಕೆ ಸುಮ್ಮನಿತ್ತು ಎಂದು. ಮೇಷ್ಟ್ರು ಕನ್ನಡಕ ಕೆಳಗಿಳಿಸಿದರು. ಯಂತ್ರಗಳಿಗೂ ಒಂದೊಂದು ದಿನ ಒಂದೊಂದು ಬುದ್ಧಿ ಎಂದು ನಕ್ಕು, ಮತ್ತೊಮ್ಮೆ ಗಡಿಯಾರ ನೋಡಿ, ಅಧಿಕಾರಿ ಕಾಯುತ್ತಿರಬಹುದು ಎಂದು ಎದ್ದರು. ಗೊಂಚಲಿನ ಸದ್ದು ಓಣಿಯಲ್ಲಿ ಸಣ್ಣದಾಗುತ್ತಾ ಹೋಯಿತು.

ಇಪ್ಪತ್ತೈದು ನಿಮಿಷ ಕೂತಿದ್ದರು. ಹೇಳಿದ ಮಾತು ಐದು ನಿಮಿಷದ್ದು.

ಅವಳಿಗೆ ಅದು ಹೊಳೆದದ್ದು ಫೈಲನ್ನು ಮುದ್ರಿಸಲು ಹೊಸದಾಗಿ ತೆರೆದಾಗ. ಮೂರು ಓದಿನ ಸಾಲು ಇದ್ದವು. ಕೆಳಗೆ ‘ವೇಟ್’ ಇತ್ತು. ನಡುವೆ ಏನೂ ಇರಲಿಲ್ಲ.

ಅವಳು ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಈಗಲೂ ಇರಲಿಲ್ಲ.

ಯಾರು ಒಳಗಿದ್ದಾರೆ ಎಂದು ಯಂತ್ರವನ್ನು ಕೇಳಿದಳು. ಎರಡು ಸಾಲು ಬಂತು. ಮೊದಲನೆಯದು ಅವಳು. ಎರಡನೆಯದು ಅಣ್ಣ. ಹತ್ತು ನಿಮಿಷದ ಹಿಂದೆ ಬಂದಿದ್ದಾನೆ, ಎರಡನೇ ಟರ್ಮಿನಲ್‌ನಿಂದ, ಇನ್ನೂ ಹೋಗಿಲ್ಲ.

ಸತ್ತವರ ಖಾತೆ ಮುಚ್ಚಬೇಕೆಂದು ಯಾರಿಗೂ ತೋಚಿರಲಿಲ್ಲ. ತೆರೆಯ ಮೇಲೆ ಅಣ್ಣನ ಹೆಸರು ನೋಡಿದಾಗ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಅವಳ ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಮುಂದಿನ ಪ್ರಶ್ನೆ ಒತ್ತಿದವು: ಈಗ ಏನೇನು ಓಡುತ್ತಿದೆ?

ಉದ್ದದ ಪಟ್ಟಿ ಬಂತು. ಅದರ ನಡುವೆ ಒಂದು ಸಾಲು.

‘ಸ್ಲೀಪ್ ೯೦೦.’

ಫೈಲಿನಿಂದ ಅಳಿಸಿದವನು ಇದೊಂದನ್ನು ಮರೆತಿದ್ದ, ಅಥವಾ ಇನ್ನೂ ಇದರ ಹತ್ತಿರ ಬಂದಿರಲಿಲ್ಲ. ಅಳಿಸುವ ಮೊದಲೇ, ಮೂರು ಮೂವತ್ತೊಂದಕ್ಕೆ ಮಲಗಲು ಹೋದದ್ದು ಹಿನ್ನೆಲೆಯಲ್ಲಿ ಇನ್ನೂ ಮಲಗಿತ್ತು. ಮೂರು ನಲವತ್ತಾರಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಮುಂದಿನ ಸುತ್ತಿಗೆ ಯಂತ್ರ ಫೈಲನ್ನು ಹೊಸದಾಗಿ ಓದುತ್ತದೆ, ಅದರಲ್ಲಿ ಸಾಲೇ ಇರುವುದಿಲ್ಲ. ಆಮೇಲೆ ಯಾರೋ ಬಂದು ಹೋದರು ಎನ್ನುವುದಕ್ಕೆ ದಾಖಲೆ ಸಿಗಬಹುದು. ಅಲ್ಲಿ ಏನಿತ್ತು ಎನ್ನುವುದಕ್ಕೆ ಸಿಗುವುದಿಲ್ಲ.

ಗೋಡೆ ಗಡಿಯಾರದಲ್ಲಿ ಮೂರು ಮೂವತ್ತೊಂಬತ್ತು.

ತಾತನ ಚಪ್ಪಲಿಯ ಸದ್ದು ಹೋದ ದಿಕ್ಕು ನೆನಪಾಯಿತು. ಅಧಿಕಾರಿಗೆ ಫೋನು ಮಾಡಿ, ಕಂಟ್ರೋಲ್ ರೂಮಿಗೆ ಈಗಲೇ ಬನ್ನಿ, ಏಳು ನಿಮಿಷದಲ್ಲಿ ಸಾಯುವ ಸಾಕ್ಷಿಯೊಂದಿದೆ ಎಂದಳು. ಗೇಟಿನ ಹತ್ತಿರ ಇದ್ದೇನೆ, ಬರುತ್ತೇನೆ ಎಂದರು. ಅವಳು ಮಲಗಿದ್ದ ಆ ಪ್ರೋಸೆಸ್ಸಿಗೆ ಯಂತ್ರ ಕೊಟ್ಟ ಐದಂಕಿಯ ಸಂಖ್ಯೆಯನ್ನು ಅಂಗೈಯ ಮೇಲೆ ಬರೆದುಕೊಂಡು ಓಣಿ ದಾಟಿದಳು.

ಕಂಟ್ರೋಲ್ ರೂಮಿನ ಬಾಗಿಲು ಒರಗಿಸಿತ್ತು. ತಾತನ ಕುರ್ಚಿ ಖಾಲಿ. ಮೇಜಿನ ಮೇಲೆ ಮುಟ್ಟದ ಟೀ, ಕೆನೆ ಕಟ್ಟಿತ್ತು. ಅವಳು ಲೋಟ ಎತ್ತಿದಳು. ಲೋಟದ ಅಡಿಯಲ್ಲಿ, ಉಂಗುರ ಉಂಗುರವಾಗಿ ಟೀ ಕುಡಿದ ಒಂದು ಹಳೇ ಚೀಟಿ ಮೇಜಿಗೆ ಅಂಟಿತ್ತು. ಅದರ ಮೇಲೆ ಎರಡು ಎಂಬ ಅಂಕಿ.

ಎದುರಿನ ತೆರೆಯ ಮೇಲೆ ಅಣ್ಣನ ಖಾತೆ ತೆರೆದಿತ್ತು. ಒಂದೇ ಸಾಲು ಟೈಪಾಗಿತ್ತು. ‘ಕಿಲ್’, ಆಮೇಲೆ ಐದಂಕಿಯ ಒಂದು ಸಂಖ್ಯೆ. ಅವಳು ಅಂಗೈ ನೋಡಿಕೊಂಡಳು. ಅದೇ. ಎಂಟರ್ ಒತ್ತಿರಲಿಲ್ಲ.

“ಒತ್ತಕ್ಕೆ ಆಗ್ಲಿಲ್ಲ ಅಕ್ಕಾ.”

ತಾತ ಬಾಗಿಲ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಬಿಳೀ ತಲೆ ಮೊಣಕಾಲಿಗೆ ತಾಗಿತ್ತು.

“ಅವರು ಓಡಿಸು ಅಂದಿದ್ರಲ್ಲಿ ಉಳಿದಿರೋದು ಇದೊಂದೇ. ಇದನ್ನೂ ನಾನೇ ಕೊಲ್ಲಬೇಕಾ ಅನ್ನಿಸ್ತು.”

“ಯಾರು ಓಡಿಸು ಅಂದಿದ್ದು?”

ಅವನು ತಲೆಯೆತ್ತಲಿಲ್ಲ. ಬಿಡಿಬಿಡಿಯಾಗಿ ಹೇಳಿದ. ಮಂಗಳವಾರ ಮೂರನೇ ಕೋಣೆಯ ಓದು ಸಿಕ್ಕಿಹಾಕಿಕೊಂಡಾಗ ಅವನು ಅಣ್ಣನಿಗೆ ಫೋನು ಮಾಡಿದ್ದ. ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದೇನೆ, ತಡಿ, ಆಚೆ ಬರುತ್ತೇನೆ ಎಂದನಂತೆ ಅಣ್ಣ. ಆಚೆ ಬಂದು ತನ್ನ ಪಾಸ್‌ವರ್ಡ್ ಹೇಳಿದ. ಬರೆಯಬೇಕಾದ್ದನ್ನು ಅಕ್ಷರ ಅಕ್ಷರವಾಗಿ ಹೇಳಿದ. ತಾತ ಚೀಟಿಯಲ್ಲಿ ಬರೆದುಕೊಂಡು, ಓದಿ ಹೇಳಿ, ನೋಡಿಕೊಂಡು ಟೈಪು ಮಾಡಿದ. ಹೆಸರು, ತಾರೀಕು ಹಾಕುವುದು ಇಬ್ಬರಿಗೂ ನೆನಪಾಗಲಿಲ್ಲ. ನಾಡಿದ್ದು ಬಂದು ಕೇಬಲ್ಲು ನಾನೇ ನೋಡುತ್ತೇನೆ ಎಂದಿದ್ದ ಅಣ್ಣ. ನಾಡಿದ್ದು ಅಂದರೆ ಗುರುವಾರ.

ಬಾವಿ ತೋಡಿಸ್ತಿದ್ದೆಯೇನೋ?

ಈಗ ಅವಳಿಗೆ ಆ ನಗುವಿನ ಸದ್ದು ಕೇಳಿಸಿತು, ಮೂವರದೂ. ಅದರ ಹಿಂದೆಯೇ, ಮುಕ್ಕಾಲು ಗಂಟೆ ತಡವಾಗಿ, ಸುಟ್ಟ ಬೆರಳ ತುದಿ ಉರಿಯತೊಡಗಿತು.

“ಹಾಗಾದ್ರೆ ಅದು ಅಣ್ಣನದೇ ಸಾಲು,” ಎಂದಳು. ದನಿ ಬೇರೆ ಯಾರದೋ ಅನ್ನಿಸಿತು. ಮೇಷ್ಟ್ರು ಹೇಳಿದ್ದೇ ನಿಜ. ಇನ್ನು ಅಧಿಕಾರಿಗೆ ಮಲಗಿದ ಸಾಕ್ಷಿ ತೋರಿಸಿದರೆ ತಾತ ಉಳಿಯುತ್ತಾನೆ, ಅಣ್ಣ ಇನ್ನೊಮ್ಮೆ ಸಾಯುತ್ತಾನೆ.

ತೆರೆಯ ಮೂಲೆಯಲ್ಲಿ ಮೂರು ನಲವತ್ತಮೂರು. ಅವಳ ಬೆರಳಿಗೂ ಎಂಟರ್‌ಗೂ ನಡುವೆ ಒಂದು ಗೇಣು.

ತಾತ ಮೊದಲ ಸಲ ಮುಖ ಎತ್ತಿದ.

“ಎರಡು ಸಾಲು ಅಕ್ಕಾ.”

“ಏನು?”

“ಅವರು ಹೇಳಿದ್ದು ಎರಡು ಸಾಲು. ಎರಡೂ ಹಾಕಿದ್ದೆ. ಮಲಗಿಸೋದೊಂದು. ಮೂರೂ ಓದು ಬಂದ ತಕ್ಷಣ ಅದನ್ನ ಎಬ್ಬಿಸಿ ಕಳಿಸೋದೊಂದು. ಎರಡನೇದು ಬಿಟ್ರೆ ಕೆಡ್ತೀವಿ ಕಣೋ ತಾತ ಅಂತ ಎರಡೆರಡು ಸಲ ಹೇಳಿದ್ರು. ಟೈಪು ಮಾಡಿದ್ದು ನಾನು ಅಂತ ಹೆದರಿ ಇವತ್ತು ಅಳಿಸೋಣ ಅಂತ ತೆಗೆದ್ರೆ ಒಂದೇ ಇತ್ತು.”

ಮೂರೂ ಬಂದ ಕೂಡಲೇ ಎಬ್ಬಿಸಿ ಕಳಿಸು. ಅವಳು ಮಧ್ಯಾಹ್ನ ತನ್ನ ಲ್ಯಾಪ್‌ಟಾಪಿನಲ್ಲಿ ಬರೆದ ಸಾಲು. ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅದನ್ನೇ ಹೇಳಿದ್ದ.

ಕಳೆದುಹೋದ ಏಳು ಗಂಟೆ ಅವಳ ಮುಂದೆ ಬಂದು ಕೂತಿತು. ಎರಡು ಸಾಲೂ ಇದ್ದಷ್ಟು ಹೊತ್ತು ಯಂತ್ರ ಚೆನ್ನಾಗಿತ್ತು. ಆರು ಹತ್ತಕ್ಕೆ ಯಾರೋ ಒಂದನ್ನು ತೆಗೆದರು. ಯಾರೂ ಯಾರ ಸಾಲನ್ನೂ ಅಳಿಸದ ಈ ಗೋದಾಮಿನಲ್ಲಿ, ಒಳಗೆ ಬಂದ ದಾಖಲೆಯೇ ಇಲ್ಲದೆ.

“ಅಣ್ಣ ಹೇಳಿದ್ದು ಬರೆದುಕೊಂಡ ಚೀಟಿ ಎಲ್ಲಿ?”

“ನನ್ನ ಹತ್ರ ಇಲ್ಲ.” ತಾತನ ಕಣ್ಣು ಅವಳನ್ನು ದಾಟಿ ಬಾಗಿಲ ಕಡೆ ಹೋಯಿತು. “ಖಾತೆ ಅವರದು, ಕೈ ನಂದು. ನಾಳೆ ಮಾತು ಬರಬಾರದು ಅಂತ ಅವತ್ತೇ ಸಂಜೆ ಒಪ್ಪಿಸಿಬಿಟ್ಟೆ. ಆರು ಗಂಟೆಗೆ. ಮೇಷ್ಟ್ರ ಕೈಗೆ.”

ಓಣಿಯಲ್ಲಿ ಅಧಿಕಾರಿಯ ಹೆಜ್ಜೆ ಕೇಳಬೇಕಿತ್ತು. ಕೇಳಿದ್ದು ಬೀಗದ ಕೈಗೊಂಚಲು. ಅವಸರವಿಲ್ಲದೆ ಹತ್ತಿರ ಬಂದು, ಒರಗಿಸಿದ ಬಾಗಿಲ ಆಚೆ ಅದು ನಿಂತಿತು. ತೆರೆಯ ಮೇಲೆ ಅಣ್ಣನ ಹೆಸರಿನ ಪಕ್ಕ ಕರ್ಸರ್ ಮಿಟುಕುತ್ತಿತ್ತು. ಮಲಗಿದ್ದ ಸಾಕ್ಷಿಗೆ ಇನ್ನು ತೊಂಬತ್ತು ಸೆಕೆಂಡು ಉಳಿದಿತ್ತು.

ಬಾಗಿಲು ಮುಚ್ಚಿಕೊಂಡಿತು, ಹೊರಗಿನಿಂದ ಬೀಗದೊಳಗೆ ಕೀಲಿ ತಿರುಗಿತು.